ಬಚ್ಚ ಮೇಸ್ತ್ರಿಯ ಮೊದಲ ಕಲ್ಲು

ನಮ್ಮ ಕೋಡಿ ಊರಿನಲ್ಲಿ ಹೊಟ್ಟೆಕಿಚ್ಚು ಇಲ್ಲದವರು ಯಾರೂ ಇಲ್ಲ. ನನಗೂ ಇದೆ. ಮೀನು ಮಾರಲು ಕೂತಾಗ ಪಕ್ಕದವಳ ಬುಟ್ಟಿಯಲ್ಲಿ ದುಬಾರಿ ಅಂಜಲ್ ಇದ್ದು ನನ್ನ ಬುಟ್ಟಿಯಲ್ಲಿ ಬರೀ ಬೂತಾಯಿ ಇದ್ದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಆದರೆ ನಮ್ಮದೆಲ್ಲ ಸಂಜೆಯ ಹೊತ್ತಿಗೆ ಆರಿಹೋಗುವ ಕಿಚ್ಚು. ಬಚ್ಚ ಮೇಸ್ತ್ರಿಯದು ಹಾಗಲ್ಲ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮರುದಿನಕ್ಕೆ ಉಳಿಸಿಕೊಳ್ಳುವ ಹಾಗೆ ಅವರು ಅದನ್ನು ಕಾಪಾಡಿಕೊಂಡು ಬಂದವರು. ಈ ಕಥೆಯನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಕೇಳಿಯೇ ಹೇಳುತ್ತಿದ್ದೇನೆ. "ಬರಿ ಜಲಜ, ಅಡ್ಡಿಲ್ಲ. ಆದ್ರೆ ರವಿರಾಜನ್ ಬಗ್ಗೆ ನನ್ಗಿಂತ ಜಾಸ್ತಿ ಬರೀಬೇಡ" ಎಂದಿದ್ದಾರೆ.

ಮೇಸ್ತ್ರಿ ಹುಟ್ಟಿದ್ದು ಮೀನು ಹಿಡಿಯುವವರ ಮನೆಯಲ್ಲಿ. ಅಣ್ಣಂದಿರೆಲ್ಲ ದೋಣಿಯ ಮೇಲೆ ಮನೆಯಂಗಳದಲ್ಲಿ ನಡೆದಾಡಿದಂತೆ ನಡೆದಾಡಿದರೆ, ಇವರಿಗೆ ಅಳಿವೆ ದಾಟುವ ಮೊದಲೇ ವಾಂತಿ. ಎಷ್ಟು ಸಲ ಕರೆದುಕೊಂಡು ಹೋದರೂ ಅದೇ ಪಾಡು. ಕಡೆಗೆ ಅವರ ಅಪ್ಪ ಬೇಸತ್ತು, ಹಾಲಾಡಿಯಲ್ಲಿದ್ದ ಒಬ್ಬ ಕಲ್ಲುಕೆಲಸದ ಮೇಸ್ತ್ರಿಯ ಕೈಗೆ ಒಪ್ಪಿಸಿ ಬಂದರಂತೆ. ಕಡಲಿನ ಮಕ್ಕಳ ನಡುವೆ ಕಡಲಿಗೆ ಹೋಗಲಾಗದವನು ಎನ್ನುವ ನಗೆಯನ್ನು ಅವರು ಎಳವೆಯಲ್ಲೇ ನುಂಗಿದವರು. ಹಾಲಾಡಿಯಿಂದ ಉಳಿ, ಗೋಡೆಯ ನೇರ ನೋಡುವ ತೂಕದ ಗುಂಡು ಹಿಡಿದುಕೊಂಡು ವಾಪಸು ಬಂದಾಗ ಎಲ್ಲರ ಮುಂದೆ ಎದೆ ಉಬ್ಬಿಸಿ ನಿಲ್ಲಲು ಅವರಿಗೆ ಒಂದೇ ಒಂದು ದಾರಿ ಇತ್ತು. ಅದು ಕೆಸರುಕಲ್ಲು.

ನಮ್ಮ ಕಡೆ ಮನೆ ಕಟ್ಟುವಾಗ ಪಾಯದ ಗುಂಡಿಗೆ ಮೊದಲ ಕಲ್ಲು ಇಡುವ ಶಾಸ್ತ್ರಕ್ಕೆ ಹಾಗೆನ್ನುತ್ತಾರೆ. ಭಟ್ಟರು ಮಂತ್ರ ಹೇಳುತ್ತಾರೆ, ಮನೆಯವರು ಹಾಲೆರೆಯುತ್ತಾರೆ, ಆದರೆ ಕಲ್ಲನ್ನು ಮಣ್ಣಿಗೆ ಕೂರಿಸುವುದು ಮೇಸ್ತ್ರಿಯ ಕೈ. ಆಮೇಲೆ ಅವರಿಗೆ ವೀಳ್ಯ, ಪಂಚೆ, ಊಟದ ಪಂಕ್ತಿಯಲ್ಲಿ ಭಟ್ಟರ ನಂತರದ ಎಲೆ. ಕೋಡಿಯಲ್ಲಿ ಹೊಳೆಗೂ ಕಡಲಿಗೂ ನಡುವಿನ ಈ ಮರಳಪಟ್ಟಿಯ ಮೇಲೆ ಎದ್ದ ಹೆಚ್ಚಿನ ಮನೆಗಳ ಮೊದಲ ಕಲ್ಲು ಬಚ್ಚ ಮೇಸ್ತ್ರಿಯದೇ. ಬೇರೆ ಯಾರಾದರೂ ಇಟ್ಟರೆ ಇವರು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟುಬಿಡುತ್ತಿದ್ದರು. ಸಾಲಿಗ್ರಾಮದ ಮೇಸ್ತ್ರಿಯೊಬ್ಬರು ಇಲ್ಲಿ ಬಂದು ಒಂದು ಮನೆ ಕಟ್ಟಿದ್ದರು. ಅದರ ಜಗಲಿ ವಾರೆಯಾಗಿದೆ ಎಂದು ಇವರು ಊರಿಡೀ ಹೇಳಿದ್ದೇ ಹೇಳಿದ್ದು. ಮನೆಯವರು ಪಾಪ ಮೂರು ಜನರಿಂದ ಅಳೆಸಿ ನೋಡಿದರು. ಜಗಲಿ ಸರಿಯಾಗಿಯೇ ಇತ್ತು. ವಾರೆಯಾಗಿದ್ದದ್ದು ಇವರ ಕಣ್ಣು.

ಈ ಮನುಷ್ಯನ ಹೊಟ್ಟೆಗೆ ನಿಜವಾದ ಬೆಂಕಿ ಬಿದ್ದದ್ದು ನಮ್ಮ ಕಟ್ಟಡದಿಂದ. ಮೀನು ಮಾರುವ ಹೆಂಗಸರು ಸೇರಿ ನಡೆಸುವ ನಮ್ಮ ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ನಾವು ವರ್ಷಗಟ್ಟಲೆ ಓಡಾಡಿದ್ದೆವು. ಕೆಳಗೆ ಮೀನು ಏಲಂ ಮಾಡುವ ಜಾಗ ಮತ್ತು ಮಂಜುಗಡ್ಡೆಯ ಕೋಣೆ, ಮೇಲೆ ಗಾಳಿಮಳೆಯ ದಿನ ಊರವರೆಲ್ಲ ಬಂದು ನಿಲ್ಲಬಹುದಾದ ಸಭಾಂಗಣ. ಅಧ್ಯಕ್ಷೆ ನಾನು. ಕಟ್ಟಡದ ಮಾತು ಹೊರಟ ದಿನವೇ ಮೇಸ್ತ್ರಿ ಬಂದು, "ಕೆಸರುಕಲ್ಲ್ ನಂದ್, ಗೊತ್ತಿತ್ತಲ್ದಾ?" ಎಂದು ಹೇಳಿಹೋಗಿದ್ದರು. ಗೊತ್ತಿದೆ ಎಂದಿದ್ದೆ.

ಆದರೆ ಜನರನ್ನು ಆಪತ್ತಿನಲ್ಲಿ ಕಾಯುವ ಕಟ್ಟಡವಾದ್ದರಿಂದ ಮಣ್ಣಿನ ಪರೀಕ್ಷೆ ಆಗಲೇಬೇಕಿತ್ತು. ಬ್ರಹ್ಮಾವರದ ಇಂಜಿನಿಯರ್ ನಿಶ್ಮಿತಾ ಬಂದಳು. ಮರಳಿಗೆ ಕೊಳವೆ ಇಳಿಸಿ ನೋಡಿದವಳು ಮುಖ ಸಪ್ಪೆ ಮಾಡಿದಳು. ಕೆಳಗೆ ಆಳದವರೆಗೂ ಸಡಿಲ ಮರಳು, ಅದರ ತುಂಬ ನೀರು. ಭೂಮಿ ನಡುಗಿದರೆ ಆ ಮರಳು ಗಟ್ಟಿಯಾಗಿ ಉಳಿಯುವುದಿಲ್ಲ, ಗಂಜಿಯಾಗುತ್ತದೆ, ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಕುಸಿಯುತ್ತದೆ ಎಂದಳು. ನಮ್ಮ ಹೆಂಗಸರಿಗೆ ನಂಬಿಕೆ ಬರಲಿಲ್ಲ. ಈ ಊರಿಗೆ ಯಾವ ಭೂಕಂಪ ಬಂದಿದೆ ಎಂದು ಕೇಳಿದರು.

"ಬರ್ಲಿಲ್ಲೆ. ಬರೂದೇ ಇಲ್ಲೆ ಅಂದೇಳಿ ಯಾರೂ ಬರ್ದ್ ಕೊಡ್ಲಿಲ್ಲೆ ಅಲ್ದಾ?" ಎಂದವಳು ನಮ್ಮನ್ನೆಲ್ಲ ಎಬ್ಬಿಸಿಕೊಂಡು ಕಡಲ ಬದಿಗೆ ಹೋದಳು. ತೆರೆ ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಿಲ್ಲಿಸಿ, "ಸಣ್ಣಕಿಪ್ಪತಿಗೆ ಕುಣಿದಂಗ್ ಇಲ್ಲೇ ಕುಣಿನಿ ಕಾಂಬ" ಎಂದಳು. ನಾವು ಸೀರೆ ಎತ್ತಿ ಕಟ್ಟಿ ನಿಂತಲ್ಲೇ ಕಾಲು ಕುಣಿಸಿದೆವು. ಮೊದಲು ಹಲಗೆಯಂತೆ ಗಟ್ಟಿಯಿದ್ದ ಮರಳು ಗಳಿಗೆಯಲ್ಲಿ ಬಳುಕಿತು, ನೀರು ಮೇಲೆ ಬಂತು, ಕಾಲು ಮೀನಖಂಡದವರೆಗೆ ಇಳಿಯಿತು. ಸಣ್ಣವರಿದ್ದಾಗ ನಾವೆಲ್ಲ ಆಡಿದ ಆಟವೇ ಅದು. ಯಾರೂ ಅದರ ಮೇಲೆ ಮನೆ ಇಟ್ಟು ಯೋಚಿಸಿರಲಿಲ್ಲ ಅಷ್ಟೇ.

ನಮ್ಮ ಹಿಂದೆಯೇ ಬಂದಿದ್ದ ಮೇಸ್ತ್ರಿಯೂ ಕುಣಿದಿದ್ದರು. ಅವರ ಕಾಲೂ ಇಳಿಯಿತು. ಅದನ್ನು ಕಿತ್ತುಕೊಳ್ಳುತ್ತ ಅವರು ಕೇಳಿದರು, "ಹಂಗಾರೆ ನಾನ್ ಕಟ್ಟಿದ್ ಮನೆ ಎಲ್ಲ ಗಂಜಿ ಮೇಲ್ ಕೂಕಂಡಿತ್ತಾ?"

ನಿಶ್ಮಿತಾ ಜಾಣೆ. ಮನೆ ಸಣ್ಣದು, ಹಗುರ, ಅದರ ಲೆಕ್ಕ ಬೇರೆ ಎಂದು ಸಮಾಧಾನ ಹೇಳಿದಳು. ಅವರಿಗೆ ಸಮಾಧಾನವಾಗಲಿಲ್ಲ. ಅಷ್ಟು ವರ್ಷ ಊರಿಗೆ ಊರೇ ತಮ್ಮ ಮೊದಲ ಕಲ್ಲಿನ ಮೇಲೆ ನಿಂತಿದೆ ಎಂದುಕೊಂಡಿದ್ದ ಮನುಷ್ಯನಿಗೆ, ಆ ಕಲ್ಲಿನ ಕೆಳಗೂ ಒಂದು ಕೆಲಸ ಬಾಕಿಯಿತ್ತು ಎಂದು ಕೇಳುವುದು ಸುಲಭವಲ್ಲ. ಆ ಕೆಲಸ ಇನ್ನೊಬ್ಬರದು ಎನ್ನುವುದು ಅದಕ್ಕಿಂತ ಕಷ್ಟ.

ಮಣ್ಣು ಗಟ್ಟಿ ಮಾಡುವ ಯಂತ್ರ ಉದ್ದದ ಲಾರಿಯಲ್ಲಿ ಬಂತು. ಕ್ರೇನಿಗೆ ತೂಗುಹಾಕುವ ದಪ್ಪ ಉಕ್ಕಿನ ಕೊಳವೆ. ಅದು ಅದುರುತ್ತ, ತುದಿಯಿಂದ ನೀರು ಚಿಮ್ಮಿಸುತ್ತ ಮರಳೊಳಗೆ ಇಳಿಯುತ್ತದೆ. ಆಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಬದಿಯಿಂದ ಜಲ್ಲಿ ಸುರಿದು, ಮತ್ತೆ ಇಳಿಸಿ ಬಡಿದು, ನೆಲದೊಳಗೆ ಜಲ್ಲಿಯ ಕಂಬ ಎಬ್ಬಿಸುತ್ತಾರೆ. ಸುತ್ತಲ ಮರಳು ಒತ್ತಿಕೊಂಡು ಗಟ್ಟಿಯಾಗುತ್ತದೆ. ಭೂಮಿ ನಡುಗಿದರೂ ಒಳಗಿನ ನೀರಿಗೆ ಜಲ್ಲಿಯ ಸಂದಿನಿಂದ ಮೇಲೆ ಬರಲು ದಾರಿ ಇರುತ್ತದೆ, ಹಾಗಾಗಿ ಮರಳು ಗಂಜಿಯಾಗುವುದಿಲ್ಲ. ಇಂಥ ಕಂಬಗಳು ಕಟ್ಟಡದ ಅಡಿಯ ತುಂಬ. ನಾವು ಹೆಂಗಸರು ಆ ಕೊಳವೆಗೆ ಒನಕೆ ಎಂದು ಹೆಸರಿಟ್ಟೆವು.

ಒನಕೆಯ ಜೊತೆಗೆ ಅದನ್ನು ನಡೆಸುವವನೂ ಲಾರಿಯಿಂದ ಇಳಿದ. ಇಳಿದವನು ನೇರ ಬಂದು ಬಚ್ಚ ಮೇಸ್ತ್ರಿಯ ಕಾಲು ಮುಟ್ಟಿದ. "ಮೇಸ್ತ್ರಿ, ಗುರ್ತ ಸಿಕ್ತಾ?"

ಬೈಂದೂರಿನ ರವಿರಾಜ್. ಹಿಂದೆ ಮೇಸ್ತ್ರಿಯ ಕೈಕೆಳಗೆ ಕಲ್ಲು ಹೊತ್ತು, ಅವರ ಮನೆಯಲ್ಲೇ ಉಂಡು, ಉಳಿ ಹಿಡಿಯುವುದನ್ನೂ ತೂಕದ ಗುಂಡು ಬಿಡುವುದನ್ನೂ ಅವರಿಂದಲೇ ಕಲಿತವನು. ಆಮೇಲೆ ಮುಂಬೈಗೆ ಹೋದ. ಅಲ್ಲಿ ಯಾವುದೋ ಕಂಪನಿಗೆ ಸೇರಿ ಈ ಯಂತ್ರ ಕಲಿತನಂತೆ. ಮೇಸ್ತ್ರಿ ಅವನನ್ನು ತಬ್ಬಿಕೊಂಡರು. ಭೋಜ ಎಂಬವನ ಚಹಾದಂಗಡಿಗೆ ಎಳೆದುಕೊಂಡು ಹೋಗಿ, "ನಾ ಕಲ್ಸಿದ್ ಹುಡ್ಗ, ನಾ ಕಲ್ಸಿದ್ ಹುಡ್ಗ" ಎಂದು ಸಿಕ್ಕಿದವರಿಗೆಲ್ಲ ತೋರಿಸಿದರು. ಅವರ ಖುಷಿ ನಿಜವಾದದ್ದೇ. ಸಂಜೆಯವರೆಗೆ ಇತ್ತು.

ಸಂಜೆ ಮೇಸ್ತ್ರಿಯ ಹೆಂಡತಿ ಅಕ್ಕು ಕಾಣೆ ಮೀನು ಹುರಿದಳು. ನನ್ನ ಬುಟ್ಟಿಯಿಂದಲೇ ಒಯ್ದದ್ದು, ಹಾಗಾಗಿ ನನಗೆ ಗೊತ್ತು. ರವಿರಾಜ್ ಉಣ್ಣಲು ಬಂದಿದ್ದ. "ಹುಡ್ಗ ಎಷ್ಟ್ ಸಪೂರ ಆಯಿತ್ ಕಾಣಿ" ಎಂದು ಅವಳು ನಡುತುಂಡುಗಳನ್ನೆಲ್ಲ ಅವನ ಎಲೆಗೆ ಹಾಕಿದಳಂತೆ. ಅವನು ಹೋದ ಮೇಲೆ ಮೇಸ್ತ್ರಿ ಕೇಳಿದರು, "ನಂಗ್ ಬಾಲ, ಅವ್ನಿಗ್ ನಡುತುಂಡಾ?"

ಮರುದಿನದಿಂದ ಅವರಿಗೆ ಎಲ್ಲ ಕಡೆ ಬಾಲವೇ ಕಂಡಿತು. ಯಂತ್ರ ಜೋಡಿಸುವುದನ್ನು ನೋಡಲು ಊರೇ ಬಂದು ನಿಲ್ಲುತ್ತಿತ್ತು. ನೋಡುವವರಿಗೆ ರವಿರಾಜ್ ನಗುನಗುತ್ತ ಎಲ್ಲ ವಿವರಿಸುತ್ತಿದ್ದ. ಮೇಸ್ತ್ರಿ ಮನೆ ಕಟ್ಟುವಾಗ ಹೀಗೆ ಯಾರೂ ಬಂದು ನಿಂತದ್ದಿಲ್ಲ. ಬೇರೆ ಯಾರೋ ಪರವೂರಿನವನು ಆ ಕ್ರೇನಿನ ಮೇಲೆ ಕೂತಿದ್ದರೆ ಇವರು ಎರಡು ದಿನ ಬೈದು ಸುಮ್ಮನಾಗುತ್ತಿದ್ದರು. ಕೂತವನು ತಾನು ಅನ್ನ ಹಾಕಿದ ಹುಡುಗ. ಅವನನ್ನು ಬೈಯುವ ಹಾಗಿಲ್ಲ, ಹೊಗಳಿದರೆ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಗುತ್ತದೆ. ನಿದ್ದೆ ಬಾರದೆ ಮಗ್ಗುಲು ಬದಲಿಸುತ್ತಿದ್ದೆ ಎಂದು ಅವರೇ ನನಗೆ ಹೇಳಿದ್ದಾರೆ. ಹೊಟ್ಟೆಕಿಚ್ಚು ಎಂದರೆ ನಾಲಿಗೆಯ ಚಟ ಎಂದುಕೊಂಡಿದ್ದೆ ಜಲಜ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಆಗ ಗೊತ್ತಾಯಿತು ಎಂದರು.

ಆ ಉರಿಗೆ ತುಪ್ಪ ಸುರಿದವನು ಭೋಜ. ಚಹಾ ಕೊಡುತ್ತ ಅವನು ಸುಮ್ಮನೆ ತಮಾಷೆಗೆ ಅಂದ, "ಹ್ವಾಯ್ ಮೇಸ್ತ್ರಿ, ಈ ಸರ್ತಿ ಮೊದಲ್ನೇ ಕಲ್ಲ್ ರವಿರಾಜಂದೇ ಅಂಬ್ರಲೆ? ಒಂದಲ್ಲ, ಲಾರಿಗಟ್ಲೆ!"

ಮೇಸ್ತ್ರಿ ಚಹಾ ಅರ್ಧಕ್ಕೆ ಬಿಟ್ಟು ನನ್ನ ಮನೆಗೆ ಬಂದರು. ನಾನು ಮೀನು ತೊಳೆಯುತ್ತಿದ್ದೆ.

"ಜಲಜ, ನೀನ್ ಅಧ್ಯಕ್ಷೆ ಅಲ್ದಾ? ಕೆಸರುಕಲ್ಲ್ ಮೊದ್ಲ್ ಹಾಕುವ. ಆಮೇಲ್ ಅವ್ರ್ ಬೇಕಾದ್ದ್ ತುಂಬ್ಕಣ್ಲಿ."

"ಈಗ ಧನುರ್ಮಾಸ ಮೇಸ್ತ್ರಿ. ಸಂಕ್ರಾಂತಿ ಕಳೀಲಿ ಅಂದಿರ್ ಭಟ್ರ್."

"ಮತ್ ಅವ್ನ್ ಜಲ್ಲಿಗೆ ಧನುರ್ಮಾಸ ಇಲ್ಯಾ?"

ಮಣ್ಣು ಗಟ್ಟಿ ಮಾಡುವುದಕ್ಕೆ ಮುಹೂರ್ತ ಬೇಡ, ಅದು ಗದ್ದೆ ಸಮ ಮಾಡಿದ ಹಾಗೆ ಎಂದು ಭಟ್ಟರೇ ಹೇಳಿದ್ದರು. ಹಾಗೆಂದು ನಾನು ಹೇಳಿದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ. ಯಂತ್ರ ತಿಂಗಳುಗಟ್ಟಲೆ ಕಾಯುವಂಥದ್ದಲ್ಲ, ನಿಮ್ಮ ಒಂದು ಕಲ್ಲಿಗಾಗಿ ನಮ್ಮ ಕಟ್ಟಡ ನಿಲ್ಲಬೇಕೇ ಎಂದೂ ಕೇಳಿದೆ. ಅವರು ಬಂದ ದಾರಿಯಲ್ಲೇ ತಿರುಗಿ ಹೋದರು.

ಮನೆಗೆ ಹೋದವರು ಹಿತ್ತಲಲ್ಲಿ ಕೂತು, ಎಂದಿನಂತೆ ಎಡಗೈಯಲ್ಲೇ, ಒಂದು ಶಿಲೆಕಲ್ಲನ್ನು ಕೆತ್ತಿದರು. ಸಾಮಾನ್ಯವಾಗಿ ಕೆಸರುಕಲ್ಲಿಗೆ ಕೆಂಪುಕಲ್ಲು ಸಾಕು. ಇದಕ್ಕೆ ಮಾತ್ರ ಅವರು ಗಟ್ಟಿಯ ಕರಿಕಲ್ಲನ್ನೇ ಆರಿಸಿದರು. ನಾಲ್ಕೂ ಮೈ ನಯವಾಗಿ ಕೆತ್ತಿ, ನಡುವೆ ಬಟ್ಟಲಿನಷ್ಟು ಕುಳಿ ಮಾಡಿ, ಅರಶಿನ ಕುಂಕುಮ ಹಚ್ಚಿ, ಕುಳಿಯಲ್ಲಿ ಬೆಳ್ಳಿಯ ಚೂರೊಂದನ್ನು ಮೇಣದಲ್ಲಿ ಅಂಟಿಸಿದರು.

ಒನಕೆ ಮೊದಲ ಸಲ ಇಳಿಯುವ ದಿನ. ಮಧ್ಯಾಹ್ನ ಊಟ ಮುಗಿಸಿ, ತೆಂಗಿನಕಾಯಿ ಒಡೆದು ಶುರುಮಾಡುವುದೆಂದು ಆಗಿತ್ತು. ಕೆಲಸದವರೆಲ್ಲ ಗಾಳಿಮರದ ನೆರಳಿನಲ್ಲಿ ಉಣ್ಣಲು ಕೂತಿದ್ದರು. ಅಕ್ಕು ಆ ದಿನವೂ ರವಿರಾಜನಿಗೆ ಬುತ್ತಿ ತಂದಿದ್ದಳು. ಎಲ್ಲರ ಕಣ್ಣು ಆ ಬುತ್ತಿಯ ಮೇಲೆ ಇದ್ದಾಗ ಮೇಸ್ತ್ರಿ ಸಿಮೆಂಟಿನ ಚೀಲದಲ್ಲಿ ಕಲ್ಲು ಹೊತ್ತುಕೊಂಡು ಯಂತ್ರದ ಆಚೆ ಬದಿಗೆ ಹೋದರು. ಮೊದಲ ಕಂಬದ ಜಾಗಕ್ಕೆ ಗೂಟ ಹೊಡೆದಿದ್ದರು. ಗೂಟ ಕಿತ್ತು, ಕೈಯಲ್ಲೇ ಮರಳು ಬಗೆದು, ತೋಳುದ್ದ ಆಳದಲ್ಲಿ ಕಲ್ಲಿಟ್ಟು, ಕೈಮುಗಿದು, ಮರಳು ಮುಚ್ಚಿ, ಗೂಟವನ್ನು ಇದ್ದಲ್ಲೇ ಊರಿದರು. ಅವರ ಲೆಕ್ಕ ಇಷ್ಟೇ. ಒನಕೆ ಈ ಕಲ್ಲನ್ನು ಅದುಮಿಕೊಂಡು ಪಾತಾಳಕ್ಕೆ ಒಯ್ಯುತ್ತದೆ. ರವಿರಾಜನ ಲಾರಿಗಟ್ಟಲೆ ಜಲ್ಲಿ ಇದರ ಮೇಲೆ ಕೂರುತ್ತದೆ. ಊರಿಗೆ ಗೊತ್ತಾಗದಿದ್ದರೂ ಸರಿ, ಮೊದಲ ಕಲ್ಲು ತನ್ನದು.

ಯಂತ್ರ ತಿಳಿಯದೆ ಬರೀ ಕಲ್ಲುಕೆಲಸದಲ್ಲೇ ತಲೆ ನರೆತವರು ಮಾಡುವ ಲೆಕ್ಕ ಇದು. ಕೆಳಗೆ ಪೂರ್ತಿ ಮರಳೇ ಇದೆ ಎಂದು ನಂಬಿ ಇಳಿಯುವ ಒನಕೆಗೆ ಗಟ್ಟಿ ಕಲ್ಲು ಅಡ್ಡ ಸಿಕ್ಕಿದರೆ ಅದು ಕಲ್ಲನ್ನು ಹೊತ್ತುಕೊಂಡು ಹೋಗುವುದಿಲ್ಲ, ಜಾರುತ್ತದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ರವಿರಾಜ್ ಕಾಯಿ ಒಡೆದ. ನಾವು ಚಪ್ಪಾಳೆ ತಟ್ಟಿದೆವು. ಒನಕೆ ಗುಂಯ್‌ಗುಡುತ್ತ ಮರಳಿಗೆ ಇಳಿಯಿತು. ಕಾಲಡಿಯ ನೆಲ ನಡುಗಿತು. ಇಳಿದದ್ದು ಸ್ವಲ್ಪವೇ. ಒಮ್ಮೆಲೇ ಕಿವಿ ಹರಿದುಹೋಗುವಂಥ ಸದ್ದು, ಒನಕೆ ವಾರೆಯಾಯಿತು, ನೀರಿನ ಪೈಪು ಒಡೆದು ನಮ್ಮೆಲ್ಲರ ಮೇಲೆ ಮಳೆ ಸುರಿಯಿತು. ಎಲ್ಲಿಂದಲೋ ಸುಟ್ಟ ವಾಸನೆ. ರವಿರಾಜ್ ಎಲ್ಲವನ್ನೂ ನಿಲ್ಲಿಸಿ ಕೆಳಗೆ ಹಾರಿದಾಗ ಮೋಟಾರಿನಿಂದ ಹೊಗೆ ಬರುತ್ತಿತ್ತು. ಬೈಂದೂರಿನಿಂದ ಅವನ ಅಮ್ಮನೂ ನೋಡಲು ಬಂದಿದ್ದಳು. ಅವಳ ಮುಂದೆ, ಊರ ಮುಂದೆ, ಅವನು ಬೆಪ್ಪಾಗಿ ನಿಂತುಬಿಟ್ಟ.

ಆ ಕ್ಷಣ ತನಗೆ ಖುಷಿಯಾಯಿತು ಎಂದು ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹೊಟ್ಟೆ ತಣ್ಣಗಾಯಿತಂತೆ.

ಜೆಸಿಬಿ ತಂದು ಮರಳು ತೆಗೆದಾಗ ಕಲ್ಲು ಮೇಲೆ ಬಂತು. ಕಡಲ ಮರಳಿನೊಳಗಿಂದ ನಯವಾಗಿ ಕೆತ್ತಿದ ಕರಿಕಲ್ಲು, ನಡುವೆ ಕುಳಿ, ಕುಳಿಯಲ್ಲಿ ಬೆಳ್ಳಿಯ ಹೊಳಪು, ನೀರಿಗೆ ತೊಳೆದುಹೋಗಿ ಅಲ್ಲಲ್ಲಿ ಉಳಿದ ಕೆಂಪು. ನಮ್ಮಲ್ಲಿ ಹಿರಿಯರಾದ ಮುತ್ತಣ್ಣ ತಲೆಯ ಮುಂಡಾಸು ತೆಗೆದು ಕೈಮುಗಿದರು. "ಬೊಬ್ಬರ್ಯನ್ ಕಲ್ಲ್!" ಎಂದರು. ಕಡಲಿಗೆ ಹೋಗುವವರನ್ನು ಕಾಯುವ ದೈವ ಬೊಬ್ಬರ್ಯ. ಹಿಂದೆ ಯಾವುದೋ ಕಾಲದಲ್ಲಿ ಇಲ್ಲಿ ಅದರ ಸ್ಥಾನ ಇದ್ದಿರಬೇಕು, ಮರಳು ಮುಚ್ಚಿರಬೇಕು ಎಂದು ಎಲ್ಲರಿಗೂ ಅನಿಸಿತು. ನನಗೂ ಅನಿಸಿತು. ಒದ್ದೆ ಸೀರೆಯಲ್ಲೇ ಕೈಮುಗಿದೆ.

ರವಿರಾಜ್ ಮಾತ್ರ ಮೊಣಕಾಲೂರಿ ಕಲ್ಲಿನ ಮೈಯನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ತಲೆಯೆತ್ತಿ ಒಮ್ಮೆ ಮೇಸ್ತ್ರಿಯನ್ನು ನೋಡಿದ. ಕಂಪನಿಯ ಯಜಮಾನರಿಗೆ ಫೋನು ಮಾಡಿ, ತಪ್ಪು ನನ್ನದು, ಜಾಗ ಪರೀಕ್ಷಿಸದೆ ಇಳಿಸಿದೆ ಎಂದ. ಅವರು ಬೈದದ್ದು ಬದಿಯಲ್ಲಿ ನಿಂತ ನಮಗೂ ಕೇಳಿಸುತ್ತಿತ್ತು. ಅವನನ್ನು ವಾಪಸು ಕರೆಸಿ ಬೇರೆಯವನನ್ನು ಕಳಿಸುತ್ತೇನೆ ಎಂದರು.

ಕೆಲಸ ನಿಂತಿತು. ಕಲ್ಲನ್ನು ಗಾಳಿಮರದ ಬುಡದಲ್ಲಿಟ್ಟು ದೀಪ ಹಚ್ಚಿದರು. ಕಡಲಿಗೆ ಹೋಗುವ ಮೊದಲು ಗಂಡಸರು ಬಂದು ಹೂ ಇಟ್ಟು ಹೋಗತೊಡಗಿದರು. ಮುಂದೇನು ಮಾಡಬೇಕೆಂದು ತಿಳಿಯಲು ಜೋಯಿಸರನ್ನು ಕರೆಸಿ ಪ್ರಶ್ನೆ ಇಡುವುದೆಂದಾಯಿತು. ಮೇಸ್ತ್ರಿ ದಿನಾ ಬಂದು ದೂರದಲ್ಲಿ ನಿಲ್ಲುತ್ತಿದ್ದರು. ಭಯವಾಗಲಿಲ್ಲವೇ ಎಂದು ನಾನು ಆಮೇಲೆ ಕೇಳಿದ್ದೇನೆ. ಆಯಿತಂತೆ. ಆದರೆ ಭಯದ ಜೊತೆಗೆ ಹೆಮ್ಮೆಯೂ ಆಯಿತಂತೆ. ತನ್ನನ್ನು ನೋಡಿ ನಕ್ಕ ದೋಣಿಯವರೆಲ್ಲ ತನ್ನ ಕಲ್ಲಿಗೆ ತಲೆಬಾಗುತ್ತಿದ್ದಾರೆ! ಇಂಥ ಮರ್ಯಾದೆ ಯಾವ ಮೇಸ್ತ್ರಿಗೆ ಸಿಕ್ಕಿದೆ? ಸುಮ್ಮನಿದ್ದುಬಿಟ್ಟರೆ ಗುಡಿಯೇ ಎದ್ದೀತು.

ಸುಮ್ಮನಿದ್ದುಬಿಡುತ್ತಿದ್ದರೋ ಏನೋ. ಆದರೆ ಊರವರ ಬಾಯಲ್ಲಿ ಕಥೆ ಬೇರೆ ದಿಕ್ಕಿಗೆ ತಿರುಗಿತು. ಇಷ್ಟು ಕಾಲ ಅಡಗಿದ್ದ ದೈವ ರವಿರಾಜನ ಕೈಯಲ್ಲಿ ಎದ್ದುಬಂತು ಎಂದರು. ಅವನ ಕೈಗುಣ ಎಂದರು. ಕಂಪನಿಯವರು ಬೈದರೆ ಬೈಯಲಿ, ನಮಗೆ ಅವನು ದೊಡ್ಡವನೇ ಎಂದು ಹೆಂಗಸರು ಅವನ ಹಣೆಗೆ ಕುಂಕುಮ ಇಟ್ಟರು. ಅವನು ಬೇಡ ಬೇಡ ಎಂದು ಹಿಂದೆ ಸರಿದಷ್ಟೂ ಅದೂ ಅವನ ದೊಡ್ಡತನವೇ ಆಯಿತು. ಅಕ್ಕು ದೀಪಕ್ಕೆ ಎಣ್ಣೆ ಹಾಕಿ ಬಂದು ಮನೆಯಲ್ಲಿ ಅದೇ ಮಾತು ಹೇಳಿದಳು. ಮೇಸ್ತ್ರಿ ಅರ್ಧ ಊಟದಲ್ಲಿ ಎದ್ದರು.

ಪ್ರಶ್ನೆಯ ದಿನ ಬೆಳಿಗ್ಗೆ ಕೊಲ್ಲೂರು ಕಡೆಯಿಂದ ಜೋಯಿಸರು ಬಂದರು. ಮಣೆ ಹಾಕಿದ್ದಾಯಿತು. ಅವರು ಕವಡೆಯ ಚೀಲ ಬಿಚ್ಚುವ ಮೊದಲು ಮುತ್ತಣ್ಣ ಎದ್ದು ನಿಂತು, ಇವತ್ತಿನ ಮೊದಲ ಪ್ರಸಾದ ರವಿರಾಜನಿಗೆ ಸಲ್ಲಬೇಕು, ದೈವ ಎದ್ದದ್ದು ಅವನ ಕೈಯಿಂದ, ಇದಕ್ಕೆ ಯಾರದಾದರೂ ಅಡ್ಡಿಯಿದೆಯೇ ಎಂದು ಕೇಳಿದರು.

"ನಂದಿತ್ತ್!" ಎಂದು ಹಿಂದಿನಿಂದ ಕೂಗು ಬಂತು. ಮೇಸ್ತ್ರಿ ಜನರನ್ನು ತಳ್ಳಿಕೊಂಡು ಮುಂದೆ ಬಂದರು. ಮುಖ ಕೆಂಪಾಗಿತ್ತು. "ಅದ್ ಬೊಬ್ಬರ್ಯನ್ ಕಲ್ಲಲ್ಲ ಮಾರಾಯ್ರೆ! ಅದ್ ನನ್ ಕಲ್ಲ್! ನಾನ್ ಕೆತ್ತಿದ್, ನಾನ್ ಹುಗ್ದದ್. ಅವ್ನಿಗ್ ಎಂತಕ್ ಪ್ರಸಾದ?"

ಸತ್ಯ ಹೇಳಬೇಕು, ಹುಡುಗನ ಕೆಲಸ ಉಳಿಸಬೇಕು ಎಂದು ಅವರು ಬಾಯಿ ಬಿಟ್ಟದ್ದೆಂದು ನಾನು ಬರೆದರೆ ಅದು ಸುಳ್ಳು. ತನ್ನ ಕಲ್ಲಿನ ಹೆಸರು ಇನ್ನೊಬ್ಬನಿಗೆ ಹೋಗುವುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಅಷ್ಟೇ ಕಾರಣ. ಜೋಯಿಸರು ಕವಡೆಯ ಚೀಲದ ದಾರವನ್ನು ಮತ್ತೆ ಬಿಗಿದು, "ಹಂಗಾರೆ ನನ್ ಕೆಲ್ಸ ಇಲ್ಲೆ" ಎಂದು ಎದ್ದರು.

ರವಿರಾಜ್ ಮೆಲ್ಲಗೆ ಅಂದ, "ಗೊತ್ತಿತ್ ಮೇಸ್ತ್ರಿ. ಎಡಗೈಯ ಉಳಿಪೆಟ್ಟ್. ನಿಮ್ದಲ್ದೆ ಮತ್ಯಾರದ್?"

"ಗೊತ್ತಿದ್ದೂ ಎಂತಕ್ ಸುಮ್ನಿದ್ದೆ?"

"ನೀವೇ ಹೇಳ್ತ್ರಿ ಅಂದ್ ಕಾದೆ."

"ಕಾದ್ಯಾ? ನನ್ ಮರ್ಯಾದಿ ನೀನ್ ಕಾಪೂದಾ? ಅದ್ರಂಗೂ ನೀನೇ ಮೇಲಾಯ್ಕಾ?" ಎಂದು ಮೇಸ್ತ್ರಿ ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಹಿಡಿದುಕೊಂಡು ಅಲ್ಲೇ ಮರಳಿನಲ್ಲಿ ಕುಕ್ಕರಿಸಿದರು. ಮುತ್ತಣ್ಣ ಹೊಡೆಯಲೇ ಹೋಗಿದ್ದರು. ತಡೆದವನು ರವಿರಾಜ್. ಅದೂ ಮೇಸ್ತ್ರಿಗೆ ಇಷ್ಟವಾಗಲಿಲ್ಲ.

ನಡೆದದ್ದನ್ನೆಲ್ಲ ನಿಶ್ಮಿತಾ ಕಂಪನಿಗೆ ತಿಳಿಸಿದಳು. ರವಿರಾಜನ ಕೆಲಸ ಉಳಿಯಿತು. ಹೊಸ ಮೋಟಾರು ಬಂತು. ಒನಕೆ ಮತ್ತೆ ಇಳಿಯತೊಡಗಿದಾಗ ಒಂದು ದಿನ ಅವನು ತಾನೇ ಮೇಸ್ತ್ರಿಯ ಮನೆಗೆ ಹೋಗಿ ಕೈಹಿಡಿದು ಕರೆದುಕೊಂಡು ಬಂದ. ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಕೆಳಗಿನ ಮರಳು ಸಡಿಲ ಇರುವಾಗ ಮೀಟರಿನ ಮುಳ್ಳು ಎಲ್ಲಿರುತ್ತದೆ, ಗಟ್ಟಿಯಾದಾಗ ಎಲ್ಲಿಗೆ ಏರುತ್ತದೆ, ಸದ್ದು ಹೇಗೆ ಬದಲಾಗುತ್ತದೆ ಎಂದು ತೋರಿಸಿದ. ಒಂದು ಕಂಬ ಮುಗಿದ ಮೇಲೆ ಕೆಳಗಿಳಿಸಿ, "ಈಗ್ ಇಲ್ ಕುಣಿನಿ ಕಾಂಬ" ಎಂದ. ಮೇಸ್ತ್ರಿ ಕುಣಿದರು. ನೆಲ ಅಲುಗಲಿಲ್ಲ. ಮತ್ತೂ ಜೋರಾಗಿ ಕುಣಿದರು. ಆಮೇಲೆ ಕುಣಿತ ನಿಲ್ಲಿಸಿ, "ಒಳ್ಳೆ ಕೆಲ್ಸ" ಎಂದರು. ಇನ್ನೊಬ್ಬರ ಕೆಲಸದ ಬಗ್ಗೆ ಅವರ ಬಾಯಿಂದ ಆ ಮಾತು ಬಂದದ್ದನ್ನು ನಾನು ಬೇರೆ ಕೇಳಿಲ್ಲ.

ಆಮೇಲೆ ಅವರನ್ನು ಆ ಕ್ರೇನಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಬೆಳಿಗ್ಗೆ ರವಿರಾಜನಿಗಿಂತ ಮೊದಲೇ ಬಂದು ಕೂರುತ್ತಿದ್ದರು. ಅಕ್ಕು ಇಬ್ಬರಿಗೂ ಒಟ್ಟಿಗೇ ಬುತ್ತಿ ತರುತ್ತಿದ್ದಳು. ನೋಡಲು ಬಂದವರಿಗೆ ಈಗ ವಿವರಿಸುತ್ತಿದ್ದವರು ಮೇಸ್ತ್ರಿ. ಅರ್ಧ ತಪ್ಪು ಹೇಳುತ್ತಿದ್ದರು. ರವಿರಾಜ್ ತಿದ್ದುತ್ತಿರಲಿಲ್ಲ.

ಕೆಸರುಕಲ್ಲು ಯಾರಿಂದ ಹಾಕಿಸುವುದೆಂದು ಸಂಘದ ಸಭೆಯಲ್ಲಿ ದೊಡ್ಡ ಜಗಳವಾಯಿತು. ಬಚ್ಚ ಮೇಸ್ತ್ರಿ ಬೇಡವೇ ಬೇಡ ಎಂದವರು ಹಲವರು. ನಾನು ಒಂದು ತೀರ್ಪು ಕೊಟ್ಟೆ. ಇಡುವುದು ಬಚ್ಚ ಮೇಸ್ತ್ರಿಯೇ, ಆದರೆ ಅದೇ ಕಲ್ಲನ್ನು, ಒನಕೆ ಬಡಿದು ಮೂಲೆ ಹಾರಿದ ಆ ಕಲ್ಲನ್ನು, ಎಲ್ಲರೂ ನೋಡುವಂತೆ ಇಡಬೇಕು. ಹೆಂಗಸರು ನಕ್ಕು ಒಪ್ಪಿದರು.

ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಶಾಸ್ತ್ರ ಇಟ್ಟುಕೊಂಡೆವು. ಅಷ್ಟರಲ್ಲಿ ಕಂಬಗಳ ಕೆಲಸ ಮುಗಿದು ರವಿರಾಜ್ ತನ್ನ ಯಂತ್ರದ ಜೊತೆ ಕಾರವಾರಕ್ಕೆ ಹೋಗಿಯಾಗಿತ್ತು. ಕೆಸರುಕಲ್ಲಿಗೆ ಬರುತ್ತೇನೆ ಎಂದಿದ್ದವನಿಗೆ ರಜೆ ಸಿಗಲಿಲ್ಲ. ಭಟ್ಟರ ಮಂತ್ರ ಆಯಿತು, ನಾನು ಹಾಲೆರೆದೆ, ಮೇಸ್ತ್ರಿ ಮೂಲೆಯೊಡೆದ ಕಲ್ಲನ್ನು ಇಟ್ಟರು. ಜನ ನಕ್ಕರು. ಮೇಸ್ತ್ರಿಯ ಕಣ್ಣು ಅತ್ತ ಹೋಗಲೇ ಇಲ್ಲ, ರಸ್ತೆಯ ಕಡೆಗೇ ಇತ್ತು. ಅವರು ಅಷ್ಟು ಹಟ ಹಿಡಿದಿದ್ದ ಆ ವೀಳ್ಯವನ್ನೂ ಪಂಚೆಯನ್ನೂ ನಾನು ಕೈಗೆ ಕೊಟ್ಟರೆ, ತೆಗೆದುಕೊಂಡು ಅಕ್ಕುವಿನ ಮಡಿಲಿಗೆ ಹಾಕಿ, "ಅವ್ನಿಗ್ ಫೋನ್ ಹಚ್ಚ್" ಎಂದರು.

ಅಕ್ಕು ವಿಡಿಯೋ ಕಾಲ್ ಮಾಡಿದಳು. ರವಿರಾಜನ ಮುಖ ಬಂತು. ಹಿಂದೆ ಅದೇ ಒನಕೆ, ಇನ್ನೊಂದು ಊರಿನ ಕಡಲಬದಿ. ಮೇಸ್ತ್ರಿ ಕಲ್ಲು ತೋರಿಸಿದರು. ಅವನು ಖುಷಿಯಿಂದ ಕೂಗಿದ. ಅಷ್ಟರಲ್ಲಿ ಅವನ ಹೆಗಲ ಬದಿಯಿಂದ ಬಿಳಿಗಡ್ಡದವರೊಬ್ಬರು ಕುತೂಹಲದಿಂದ ಇಣುಕಿದರು. ಕಿವಿಯ ಸಂದಿನಲ್ಲಿ ಪೆನ್ಸಿಲು.

"ಅದ್ಯಾರದ್?" ಮೇಸ್ತ್ರಿಯ ದನಿ ತಟ್ಟನೆ ಬದಲಾಯಿತು.

"ಇವ್ರಾ?" ರವಿರಾಜ್ ನಕ್ಕು, ಆ ಮುದುಕರ ಹೆಗಲ ಮೇಲೆ ಕೈಹಾಕಿ ಎದುರಿಗೆ ಎಳೆದುಕೊಂಡ. "ಇವ್ರ್ ನಮ್ ಮೇಸ್ತ್ರಿ."

ಬಚ್ಚ ಮೇಸ್ತ್ರಿ ಫೋನನ್ನು ಅಕ್ಕುವಿನ ಕೈಗೆ ಕೊಟ್ಟರು. ಊಟದ ಪಂಕ್ತಿಯಲ್ಲಿ ಭಟ್ಟರ ನಂತರದ ಎಲೆಗೆ ಕೂತು, ಬಡಿಸಿದ್ದನ್ನು ಕಲಸಿದರು, ಬಾಯಿಗಿಡಲಿಲ್ಲ. ಪಾಯಸ ಬಡಿಸುತ್ತ ನಾನು ಮುಂದೆ ಬಂದಾಗ ತಲೆಯೆತ್ತಿ ಕೇಳಿದರು, "ಜಲಜ, ಕಾರವಾರಕ್ಕೆ ಮೊದಲ್ನೇ ಬಸ್ಸ್ ಎಷ್ಟೊತ್ತಿಗೆ?"